ಪೈಥಾನ್ 3.15 ಬರುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಲೇಜಿನ ಲ್ಯಾಬ್‌ನಲ್ಲಿ ಪೈಥಾನ್ 3.9 ಇದೆ. ನನ್ನ ಲ್ಯಾಪ್‌ಟಾಪ್‌ಗೆ 3.14 ಹಾಕಿಕೊಳ್ಳಲೇ, 3.15 ಬರುವತನಕ ಕಾಯಲೇ? ಅಂದಹಾಗೆ 3.9ಕ್ಕಿಂತ 3.14 ಚಿಕ್ಕದಲ್ಲವೇ? (ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ)

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ ಸಂಖ್ಯೆ ದಶಮಾಂಶವಲ್ಲ. ಚುಕ್ಕೆಯ ಬಲಕ್ಕಿರುವುದನ್ನು ಹದಿನಾಲ್ಕು ಎಂದೇ ಓದಬೇಕು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಒಂದು ಹೊಸ ಆವೃತ್ತಿ ಬರುತ್ತದೆ: 3.14 ಬಂದದ್ದು 2025ರಲ್ಲಿ, 3.15ಕ್ಕೆ ಗೊತ್ತಾಗಿರುವುದು 2026. ಒಂದೊಂದಕ್ಕೂ ಐದು ವರ್ಷ ಆಯಸ್ಸು. 3.13ರಿಂದೀಚೆಗೆ ಮೊದಲ ಎರಡು ವರ್ಷ ಎಲ್ಲ ತಪ್ಪುಗಳನ್ನೂ ತಿದ್ದುತ್ತಾರೆ, ಉಳಿದ ಮೂರು ವರ್ಷ ಭದ್ರತೆಯ ತಿದ್ದುಪಡಿ ಮಾತ್ರ. ನಿಮ್ಮ ಲ್ಯಾಬ್‌ನ 3.9ರ ಅವಧಿ 2025ರ ಅಕ್ಟೋಬರ್‌ಗೇ ಮುಗಿದಿದೆ.

ಕಾಯಬೇಡಿ, 3.14 ಹಾಕಿಕೊಳ್ಳಿ. ಒಂದೇ ಯಂತ್ರದಲ್ಲಿ ಎರಡು ಮೂರು ಆವೃತ್ತಿ ಅಕ್ಕಪಕ್ಕ ಇದ್ದರೆ ತೊಂದರೆಯಿಲ್ಲ. ಒಂದೊಂದು ಪ್ರಾಜೆಕ್ಟ್‌ಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟ್‌ನ ಲೈಬ್ರರಿಗಳಿಗೆಂದೇ ಪ್ರತ್ಯೇಕ ಜಾಗ) ಮಾಡಿಕೊಂಡರೆ ಸಾಕು. ಹಳೆಯದನ್ನೇ ಹಾಕಬೇಕಾಗಿ ಬಂದವರು ಒಂದು ಕಡೆ ಎಡವುತ್ತಾರೆ. ಭದ್ರತಾ ಹಂತಕ್ಕಿಳಿದ ಆವೃತ್ತಿಗೆ ವಿಂಡೋಸ್ ಇನ್‌ಸ್ಟಾಲರ್ ಕೊಡುವುದಿಲ್ಲ, ಸೋರ್ಸ್ ಮಾತ್ರ ಸಿಗುತ್ತದೆ. 3.12ರಲ್ಲಿ ಇನ್‌ಸ್ಟಾಲರ್ ಇರುವ ಕೊನೆಯದು 3.12.10. ಅದಕ್ಕಿಂತ ಹೊಸದನ್ನು ಹುಡುಕುತ್ತ ಕೂತರೆ ಅಪರಿಚಿತ ತಾಣಗಳ ಫೈಲು ಕೈಗೆ ಬರುತ್ತದೆ, ಹಾಕಬೇಡಿ.

ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳುವ ಚಪಲವೂ ಬೇಡ. ನೀವು ಬಳಸುವ ಲೈಬ್ರರಿ ಆ ಆವೃತ್ತಿಗೆಂದು ಮೊದಲೇ ಕಂಪೈಲ್ ಆದ ವೀಲ್ ಫೈಲನ್ನು ಇನ್ನೂ ಕೊಟ್ಟಿರದಿದ್ದರೆ ಲೈಬ್ರರಿ ಹಾಕಿಕೊಡುವ ಸಾಧನವಾದ ಪಿಪ್ ಸೋರ್ಸ್ ಇಳಿಸಿಕೊಂಡು ನಿಮ್ಮ ಯಂತ್ರದಲ್ಲೇ ಕಟ್ಟಲು ಹೊರಡುತ್ತದೆ. ಕೊನೆಗೆ ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ ಬೇಕು ಎಂದು ಕೆಂಪಕ್ಷರದಲ್ಲಿ ನಿಲ್ಲುತ್ತದೆ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ, ವೀಲ್ ಬಂದಿಲ್ಲ ಅಷ್ಟೆ. ಡಿಸೆಂಬರ್ ಹೊತ್ತಿಗೆ ಮೊದಲ ತಿದ್ದುಪಡಿ ಬಂದ ಮೇಲೆ ಹಾಕಿದರೆ ಈ ರಗಳೆ ಬಹುಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಕನ್ನಡದ ಟೆಕ್ಸ್ಟ್ ಫೈಲು ಓದಿದರೆ ಒಮ್ಮೆ ಚಿತ್ರವಿಚಿತ್ರ ಅಕ್ಷರ, ಇನ್ನೊಮ್ಮೆ ಯುನಿಕೋಡ್ ಡಿಕೋಡ್ ಎರರ್. ಅದೇ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಸರಿ. 3.15ರಲ್ಲಿ ಇದು ಸರಿಹೋಗುತ್ತದೆಯೇ? (ಅಧ್ಯಾಪಕರು, ಧಾರವಾಡ)

ಹೋಗುತ್ತದೆ. ಕನ್ನಡಿಗರ ಮಟ್ಟಿಗೆ 3.15ರ ಅತಿ ದೊಡ್ಡ ಬದಲಾವಣೆ ಇದೇ ಎಂದು ನಮ್ಮ ಎಣಿಕೆ.

ಫೈಲು ತೆರೆಯುವ ಓಪನ್ ಫಂಕ್ಷನ್‌ಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಹೇಳದಿದ್ದರೆ 3.14ರವರೆಗಿನ ಪೈಥಾನ್ ವಿಂಡೋಸ್‌ನ ಕೋಡ್ ಪೇಜನ್ನು, ಅಂದರೆ ಅದರ ಹಳೆಯ ಅಕ್ಷರ ಪಟ್ಟಿಯನ್ನು, ಸಾಮಾನ್ಯವಾಗಿ 1252 ಅನ್ನು, ಹಿಡಿಯುತ್ತದೆ. ನಿಮ್ಮ ಫೈಲು ಇರುವುದು ಯುಟಿಎಫ್-8ರಲ್ಲಿ. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಮನೆ’ ಎಂದರೆ ಮ, ನ, ಎತ್ವ. ಒಟ್ಟು ಒಂಬತ್ತು ಬೈಟ್. ಒಂಬತ್ತಕ್ಕೂ 1252ರಲ್ಲಿ ಏನೋ ಒಂದು ಚಿಹ್ನೆ ಇರುವುದರಿಂದ ಒಂಬತ್ತು ಕಸದ ಅಕ್ಷರ ಕಾಣುತ್ತವೆ, ಎರರ್ ಬರುವುದಿಲ್ಲ. ‘ಅಕ್ಕ’ ಎಂದು ಬರೆದು ನೋಡಿ. ಒತ್ತಕ್ಷರಕ್ಕೆ ಮೊದಲು ಬರುವ ಹಲಂತ ಚಿಹ್ನೆಯ (್) ಕೊನೆಯ ಬೈಟ್ 141, ಹೆಕ್ಸ್‌ನಲ್ಲಿ 8ಡಿ. 1252ರ ಪಟ್ಟಿಯಲ್ಲಿ ಆ ಸ್ಥಾನ ಖಾಲಿ. ಹಾಗಾಗಿ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಒತ್ತಕ್ಷರವಿಲ್ಲದ ಕನ್ನಡ ಪುಟವೇ ಅಪರೂಪವಾದ್ದರಿಂದ ನಿಮಗೆ ಎರರ್ ಹೆಚ್ಚು ಕಂಡಿರಬೇಕು.

3.15ರಲ್ಲಿ ಯಾವ ಯಂತ್ರದಲ್ಲೇ ಆಗಲಿ, ಹೇಳದಿದ್ದರೆ ಯುಟಿಎಫ್-8 ಎಂದೇ ಅರ್ಥ. ಅಲ್ಲಿಯವರೆಗೆ ಓಪನ್ ಕರೆಯುವಲ್ಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಕೋಡ್ ಮುಟ್ಟುವಂತಿಲ್ಲದಿದ್ದರೆ ‘ಪೈಥಾನ್‌ಯುಟಿಎಫ್8’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ (ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ನಡುವೆ ಜಾಗವಿಲ್ಲದೆ).

ಆದರೆ ಹಳೆಯ ನುಡಿ ತಂತ್ರಾಂಶದ ಫೈಲುಗಳಿದ್ದವರು ಎಚ್ಚರ. ಯುನಿಕೋಡ್ ಅಲ್ಲದ ನುಡಿಯಲ್ಲಿ ಟೈಪಿಸಿ ಆನ್ಸಿ ಟೆಕ್ಸ್ಟ್ ಆಗಿ ಉಳಿಸಿದ ಫೈಲು ಇಂದು ಎನ್‌ಕೋಡಿಂಗ್ ಹೇಳದೆಯೂ ತೆರೆದುಕೊಳ್ಳುತ್ತದೆ, 3.15ರಲ್ಲಿ ತೆರೆಯುವುದಿಲ್ಲ. ಆ ಫಾಂಟ್‌ನಲ್ಲಿ ತಲೆಕಟ್ಟಿಗೆ ಇಟ್ಟಿರುವ ಸಂಖ್ಯೆ 192, ಯುಟಿಎಫ್-8ರಲ್ಲಿ 192 ಎಂಬ ಬೈಟ್ ಎಂದೂ ಬರುವಂತಿಲ್ಲ. ಅಂಥ ಫೈಲಿಗೆ ಎನ್‌ಕೋಡಿಂಗ್ ಸಿಪಿ1252 ಎಂದು ಕೊಟ್ಟು ಓದಿ, ಪರಿವರ್ತಕದಿಂದ ಯುನಿಕೋಡ್‌ಗೆ ತಂದು, ಯುಟಿಎಫ್-8ರಲ್ಲಿ ಬರೆದಿಡಿ. ಒಮ್ಮೆ ಮಾಡಿದರೆ ಮುಗಿಯಿತು.

3.15 ಬಂದರೂ ಎಕ್ಸೆಲ್ ಕಾಟ ತಪ್ಪುವುದಿಲ್ಲ. ಕನ್ನಡದ ಸಿಎಸ್‌ವಿ ಫೈಲು ಡಬಲ್ ಕ್ಲಿಕ್‌ಗೆ ಸರಿಯಾಗಿ ತೆರೆಯಬೇಕಾದರೆ ಬರೆಯುವಾಗ ‘ಯುಟಿಎಫ್-8-ಸಿಗ್’ ಎಂದೇ ಕೊಡಬೇಕು.

ಪ್ರಶ್ನೆ: ಜಿಐಎಲ್ (ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ತೆಗೆದುಹಾಕಿದ್ದಾರಂತೆ. 3.14 ಹಾಕಿದೆ, ನಾಲ್ಕು ಥ್ರೆಡ್ ಕೊಟ್ಟರೂ ವೇಗ ಅಷ್ಟೇ. ಮೇಲಾಗಿ ಲಿನಕ್ಸ್ ಸರ್ವರ್‌ನಲ್ಲಿ ಮಲ್ಟಿಪ್ರೊಸೆಸಿಂಗ್ ಕೋಡ್ ಕೆಟ್ಟಿದೆ. (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ನೀವು ಹಾಕಿರುವುದು ಮಾಮೂಲಿ ಬಿಲ್ಡ್; ಅದರಲ್ಲಿ ಜಿಐಎಲ್ ಇದ್ದೇ ಇದೆ. ಜಿಐಎಲ್ ಇಲ್ಲದ್ದು ಬೇರೆಯೇ ಬಿಲ್ಡ್, ಹೆಸರಿನ ಕೊನೆಗೆ ‘ಟಿ’ ಅಕ್ಷರ ಇರುತ್ತದೆ. 3.13ರಲ್ಲಿ ಪ್ರಯೋಗವಾಗಿದ್ದದ್ದು 3.14ರಲ್ಲಿ ಅಧಿಕೃತ ಬೆಂಬಲ ಪಡೆದಿದೆ, ಡೀಫಾಲ್ಟ್ ಆಗಿಲ್ಲ. ಒಂದೇ ಥ್ರೆಡ್‌ನ ಕೆಲಸ ಅದರಲ್ಲಿ ಸುಮಾರು 5ರಿಂದ 10 ಶೇಕಡಾ ನಿಧಾನ. ಇನ್ನೊಂದು ಕೊಕ್ಕೆ ಇದೆ: ತಾನು ಸಿದ್ಧ ಎಂದು ಘೋಷಿಸಿಕೊಳ್ಳದ ಸಿ ಎಕ್ಸ್‌ಟೆನ್ಷನ್ ಒಂದನ್ನು ಇಂಪೋರ್ಟ್ ಮಾಡಿದರೂ ಸಾಕು, ಒಂದು ವಾರ್ನಿಂಗ್ ಕೊಟ್ಟು ಜಿಐಎಲ್ ಮರಳಿ ಚಾಲೂ ಆಗುತ್ತದೆ. ಎಲ್ಲ ಇಂಪೋರ್ಟ್ ಆದ ಮೇಲೆ ಸಿಸ್ ಮಾಡ್ಯೂಲ್‌ನ ‘ಈಸ್ ಜಿಐಎಲ್ ಎನೇಬಲ್ಡ್’ ಫಂಕ್ಷನ್ ಕರೆದು ನೋಡಿ (ಹೆಸರು ಅಂಡರ್‌ಸ್ಕೋರ್‌ನಿಂದ ಶುರು). ಫಾಲ್ಸ್ ಬಂದರೆ ಮಾತ್ರ ಅಳತೆಗೆ ಅರ್ಥ.

ಮಲ್ಟಿಪ್ರೊಸೆಸಿಂಗ್ ಕೆಟ್ಟದ್ದಕ್ಕೂ ಜಿಐಎಲ್‌ಗೂ ಸಂಬಂಧವಿಲ್ಲ. ಲಿನಕ್ಸ್‌ನಲ್ಲಿ ಹೊಸ ಪ್ರೊಸೆಸ್ ಶುರುವಾಗುವ ಡೀಫಾಲ್ಟ್ ವಿಧಾನ ಇದುವರೆಗೆ ಫೋರ್ಕ್ ಇತ್ತು, 3.14ರಿಂದ ಫೋರ್ಕ್‌ಸರ್ವರ್. ಫೋರ್ಕ್‌ನಲ್ಲಿ ತಾಯಿ ಪ್ರೊಸೆಸ್‌ನ ಮೆಮೊರಿ ಇದ್ದ ಹಾಗೇ ಮಗುವಿಗೆ ದಾಟುತ್ತಿತ್ತು. ಈಗ ಮಗು ನಿಮ್ಮ ಮುಖ್ಯ ಫೈಲನ್ನು ಹೊಸದಾಗಿ ಇಂಪೋರ್ಟ್ ಮಾಡಿಕೊಳ್ಳುತ್ತದೆ. ಮೇನ್ ಎಂದು ಪರೀಕ್ಷಿಸುವ ಇಫ್ ಸಾಲು ಇಲ್ಲದಿದ್ದರೆ ರನ್‌ಟೈಮ್ ಎರರ್. ಅದು ಇದ್ದು, ಅದರೊಳಗೆ ಗ್ಲೋಬಲ್ ಪಟ್ಟಿ ತುಂಬಿದ್ದರೆ ಮಗುವಿಗೆ ಆ ಪಟ್ಟಿ ಖಾಲಿ. ಲ್ಯಾಂಬ್ಡಾ ಕಳಿಸಿದರೆ ಪಿಕಲ್ ಎರರ್. ಬೇಕಾದ ದತ್ತಾಂಶವನ್ನು ಆರ್ಗ್ಯುಮೆಂಟ್ ಆಗಿ ಇಲ್ಲವೇ ಪೂಲ್‌ನ ಇನಿಷಿಯಲೈಜರ್ ಮೂಲಕ ಕೊಡಿ. ಇವತ್ತೇ ಸರ್ವರ್ ಓಡಲೇಬೇಕೆಂದರೆ ಗೆಟ್ ಕಾಂಟೆಕ್ಸ್ಟ್‌ಗೆ ಫೋರ್ಕ್ ಎಂದು ಕೊಟ್ಟು ಕೆಲಸ ಸಾಗಿಸಬಹುದು. ಥ್ರೆಡ್‌ಗಳೂ ಇರುವ ಪ್ರೋಗ್ರಾಂ ಫೋರ್ಕ್‌ನಿಂದ ಅಲ್ಲಾಡದೆ ನಿಂತುಬಿಡುವ ಅಪಾಯವಿದೆ, ವಿಧಾನ ಬದಲಿಸಿದ್ದೂ ಅದಕ್ಕೇ.

ಪ್ರಶ್ನೆ: ಪೈಥಾನ್ 4 ಯಾವಾಗ? (ಪಿಯು ವಿದ್ಯಾರ್ಥಿ, ಶಿರಸಿ)

ಅಂಥ ಯೋಜನೆಯಿಲ್ಲ. 3.0 ಬಂದದ್ದು 2008ರಲ್ಲಿ, 2ಕ್ಕೆ ತೆರೆ ಬಿದ್ದದ್ದು 2020ರ ಜನವರಿ 1ಕ್ಕೆ. ಆ ಹನ್ನೊಂದು ವರ್ಷದ ಎರಡು ದೋಣಿಯ ಪಯಣ ಯಾರಿಗೂ ಮತ್ತೆ ಬೇಡ.

ಪ್ರಶ್ನೆ: ‘ಲೇಜಿ ಇಂಪೋರ್ಟ್’ ಎಂದರೇನು? (ಸ್ವಂತ ಉದ್ಯೋಗಿ, ಮಂಗಳೂರು)

3.15ಕ್ಕೆ ಒಪ್ಪಿಗೆ ಪಡೆದಿರುವ ಹೊಸ ಬರವಣಿಗೆ. ಇಂಪೋರ್ಟ್ ಸಾಲಿನ ಆರಂಭದಲ್ಲಿ ಲೇಜಿ ಎಂದು ಸೇರಿಸಿದರೆ ಆ ಮಾಡ್ಯೂಲ್ ಅದನ್ನು ಮೊದಲು ಬಳಸುವ ಸಾಲಿನಲ್ಲಿ ಲೋಡ್ ಆಗುತ್ತದೆ. ಹತ್ತಾರು ಲೈಬ್ರರಿ ಕರೆಯುವ ಕಮಾಂಡ್ ಲೈನ್ ಪ್ರೋಗ್ರಾಂ ಬರೀ ಹೆಲ್ಪ್ ತೋರಿಸಲು ಎರಡು ಸೆಕೆಂಡ್ ಎಳೆಯುತ್ತಿದ್ದರೆ ಪ್ರಯೋಜನ ಎದ್ದು ಕಾಣುತ್ತದೆ. ಫೈಲಿನ ಮೇಲ್ಮಟ್ಟದಲ್ಲಿ ಮಾತ್ರ ಬರೆಯಬಹುದು. ಫಂಕ್ಷನ್, ಕ್ಲಾಸ್, ಟ್ರೈ ಒಳಗೆ ಬರೆದರೆ ಸಿಂಟ್ಯಾಕ್ಸ್ ಎರರ್. ಲೈಬ್ರರಿ ಇಲ್ಲದಿದ್ದರೆ ಎರರ್ ಬರುವುದೂ ಮೊದಲ ಬಳಕೆಯ ಹೊತ್ತಿಗೇ. ಹಾಗಾಗಿ ಟ್ರೈ ಹಾಕಿ ‘ಇದು ಇಲ್ಲದಿದ್ದರೆ ಅದು’ ಎಂದು ಬರೆದಿರುವ ಇಂಪೋರ್ಟ್‌ಗಳನ್ನು ಇದ್ದ ಹಾಗೇ ಬಿಡಿ.