ಮುರುಡೇಶ್ವರದಲ್ಲಿ ಮೀನುಗಾರರು ಇನ್ನೂ ಕಾಣಸಿಗುತ್ತಾರಾ?

ಪ್ರಶ್ನೆ: ರಜೆಗೆ ಮಕ್ಕಳನ್ನು ಕರೆದುಕೊಂಡು ಮುರುಡೇಶ್ವರಕ್ಕೆ ಹೊರಟಿದ್ದೇವೆ. ಮೊದಲು ಅದು ಮೀನುಗಾರರ ಹಳ್ಳಿಯಾಗಿತ್ತಂತೆ. ಈಗ ಅದೆಲ್ಲ ನೋಡಲು ಸಿಗುತ್ತದಾ? ಮಕ್ಕಳನ್ನು ನೀರಿಗೆ ಬಿಡಬಹುದಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಸಿಗುತ್ತದೆ, ಆದರೆ ಬೆಳಿಗ್ಗೆ ಬೇಗ ಏಳಬೇಕು.

ನಾನು ಭಟ್ಕಳ ತಾಲ್ಲೂಕಿನವಳೇ. ನಾವು ಚಿಕ್ಕವರಿದ್ದಾಗ ಮುರುಡೇಶ್ವರ ಅಂದರೆ ಕಂದುಕ ಗುಡ್ಡ, ಅದರ ಮೇಲೊಂದು ಹಳೇ ಗುಡಿ, ಮೂರು ಕಡೆ ಕಡಲು, ದಂಡೆ ತುಂಬ ದೋಣಿ, ಬಲೆ, ಒಣಮೀನಿನ ವಾಸನೆ. ಆಮೇಲೆ ಅದೇ ಊರಿನ ಆರ್.ಎನ್. ಶೆಟ್ಟರು ದೇವಸ್ಥಾನವನ್ನು ಹೊಸದಾಗಿ ಕಟ್ಟಿಸಿದರು. 123 ಅಡಿಯ ಶಿವನ ಮೂರ್ತಿ ಬಂತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು, 2008ರಲ್ಲಿ 237 ಅಡಿಯ ರಾಜಗೋಪುರ ಎದ್ದಿತು. ಲಾಡ್ಜು, ಹೋಟೆಲು ಹಿಂದೆಯೇ ಬಂದವು. ಊರಿನ ಹುಡುಗರಿಗೆ ಕೆಲಸ ಸಿಕ್ಕಿತು, ಅದು ಸಂತೋಷದ ವಿಷಯವೇ.

ಆದರೆ ಮೀನುಗಾರರು ಎಲ್ಲೂ ಹೋಗಿಲ್ಲ. ಬೆಳಗಿನ ಹೊತ್ತು ದಂಡೆಗೆ ಹೋಗಿ ನಿಲ್ಲಿ. ನಾಡದೋಣಿ ಬಂದಾಗ ನಾಲ್ಕೈದು ಜನ ಬಲೆ ಹರವಿಕೊಂಡು ಕೂರುತ್ತಾರೆ. ಬಂಗುಡೆ ಕಿವಿರಿನ ಹತ್ತಿರ ಬಲೆಗೆ ಸಿಕ್ಕಿಕೊಂಡಿರುತ್ತದೆ. ಎಳೆದರೆ ಮೀನೂ ಹಾಳು, ಬಲೆಯೂ ಹಾಳು. ಬೆರಳ ತುದಿಯಲ್ಲಿ ಎಳೆಯನ್ನು ಹಿಂದಕ್ಕೆ ಸರಿಸಿ, ಒಂದೊಂದಾಗಿ ಬಿಡಿಸುತ್ತಾರೆ. ಮಕ್ಕಳು ಹತ್ತಿರ ಕೂತು ನೋಡಲಿ, ಯಾರೂ ಬೈಯುವುದಿಲ್ಲ. ಬಲೆ ತುಳಿಯಬಾರದು ಅಷ್ಟೆ. ಫೋಟೊಗೆಂದು ದೋಣಿಯ ಮೇಲೆ ಹತ್ತಬೇಡಿ, ಅದು ಅವರ ಅನ್ನದ ದಾರಿ. ಬಲೆ ಒಣಗಿಸುವ ಜಾಗದಲ್ಲಿ ಕಾರು ನಿಲ್ಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ನೀರಿನ ಮಾತು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಇಲ್ಲೇ ನೀರುಪಾಲಾದರು. ಮಳೆಗಾಲವೂ ಆಗಿರಲಿಲ್ಲ. ಹೊರಗಿನವರು ದೊಡ್ಡ ಅಲೆಗೆ ಹೆದರಿ, ಅಲೆ ಒಡೆಯದ ಜಾಗ ನೋಡಿ ಅಲ್ಲಿ ಇಳಿಯುತ್ತಾರೆ. ಎಷ್ಟೋ ಸಲ ಸೆಳೆತ ಇರುವುದು ಅಲ್ಲೇ. ದಂಡೆಗೆ ಬಂದ ನೀರೆಲ್ಲ ಆ ಸಂದಿಯಿಂದ ವಾಪಸ್ ಹೋಗುತ್ತಿರುತ್ತದೆ, ಅದಕ್ಕೇ ಅಲ್ಲಿ ಅಲೆ ಏಳುವುದಿಲ್ಲ. ಸಿಕ್ಕಿಬಿದ್ದರೆ ದಡದ ಕಡೆ ಈಜಲು ಹೋಗಿ ಸುಸ್ತಾಗಬೇಡಿ. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಈಜು ಬಾರದಿದ್ದರೆ ತೇಲಿಕೊಂಡು ಕೈ ಎತ್ತಿ ಕೂಗಿ. ಮಕ್ಕಳು ಮೊಣಕಾಲು ಮುಳುಗುವಷ್ಟಕ್ಕಿಂತ ಮುಂದೆ ಹೋಗುವುದು ಬೇಡ, ಅದೂ ನೀವು ಕೈ ಹಿಡಿದಿದ್ದರೆ ಮಾತ್ರ. ಇಳಿಯುವ ಮುಂಚೆ ದಂಡೆಯಲ್ಲಿರುವ ಮೀನುಗಾರರನ್ನೋ ಲೈಫ್‌ಗಾರ್ಡನ್ನೋ ಕೇಳಿ, "ಇವತ್ತು ಇಲ್ಲಿ ಹೆಂಗಿದೆ ಅಣ್ಣಾ?" ಅಂತ. ಬೇಡ ಅಂದರೆ ಬೇಡ, ವಾದ ಮಾಡಬೇಡಿ.

ಜೂನ್, ಜುಲೈ ರಜೆಯಾದರೆ ನೀರಿನ ಆಸೆಯನ್ನೇ ಬಿಡಿ. ಆಗ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಗೋಪುರಕ್ಕೆ ಲಿಫ್ಟ್ ಇದೆ, ಮೇಲಿನಿಂದ ಮಳೆಗಾಲದ ಕಡಲು ನೋಡಿಸಿ.