ಹಳೆ ಇನ್ನೋವಾಕ್ಕೆ ಹೊಸ ಸ್ಟೀರಿಯೊ, ಸೆಂಟರ್ ಕನ್ಸೋಲ್: ವೈರ್ ಕತ್ತರಿಸಿ ಜೋಡಿಸಬಹುದೇ?

ನಿಮ್ಮದು 2009ರ ಡೀಸೆಲ್ ಇನ್ನೋವಾ. ಹಳೆ ಸಿ.ಡಿ. ಪ್ಲೇಯರ್ ತೆಗೆದು 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್, ರಿವರ್ಸ್ ಕ್ಯಾಮೆರಾ ಹಾಕಿಸಬೇಕು, ಮುಂದಿನ ಸೀಟುಗಳ ನಡುವಿನ ಕನ್ಸೋಲ್‌ನಲ್ಲಿ ಫಾಸ್ಟ್ ಚಾರ್ಜರ್ ಮತ್ತು ಆರ್ಮ್‌ರೆಸ್ಟ್ ಬೇಕು ಅಂದಿದ್ದೀರಿ. ಅಂಗಡಿಯವರು ಕಂಪನಿ ವೈರ್ ಕತ್ತರಿಸಿ ಜೋಡಿಸುತ್ತಾರಂತೆ, ಒಪ್ಪಲೇ ಎಂಬುದು ಪ್ರಶ್ನೆ.

ಒಪ್ಪಬೇಡಿ. ಟೊಯೋಟಾ ಸ್ಟೀರಿಯೊ ಹಿಂದೆ ಸಾಮಾನ್ಯವಾಗಿ ಎರಡು ಕಪ್ಲರ್ (ವೈರ್‌ಗಳನ್ನು ಒಟ್ಟಿಗೆ ಸಿಕ್ಕಿಸುವ ಪ್ಲಗ್) ಇರುತ್ತವೆ: 10 ಪಿನ್‌ನದರಲ್ಲಿ ಕರೆಂಟ್ ಮತ್ತು ಮುಂದಿನ ಸ್ಪೀಕರ್, 6 ಪಿನ್‌ನದರಲ್ಲಿ ಹಿಂದಿನ ಸ್ಪೀಕರ್. ಅವಕ್ಕೆ ನೇರವಾಗಿ ಕೂರುವ ಅಡಾಪ್ಟರ್ ವೈರಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಸ್ಕ್ರೀನ್ ಬೆಲೆಯ ಮುಂದೆ ಅದು ಏನೂ ಅಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಬಂದ ವೈರಿಂಗ್ ತಾನಾಗಿ ಕೆಡುವುದು ಅಪರೂಪ, ಕೆಡಿಸುವುದು ಆಮೇಲೆ ಕೈ ಹಾಕಿದವರು. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್‌ನ ಅಂಟು ಎರಡು ಬೇಸಿಗೆಗೆ ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ಬ್ಯಾಟರಿಯಿಂದ ನೇರ ಬರುವ ವೈರ್ ಹಾಗೆ ಬಿಚ್ಚಿಕೊಂಡು ಡ್ಯಾಶ್ ಒಳಗಿನ ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಹೋದರೆ ಪುಣ್ಯ. ಅಡಾಪ್ಟರ್‌ನ ಹೊಸ ಸ್ಟೀರಿಯೊ ಕಡೆಯ ತುದಿಯಲ್ಲಿ ಜೋಡಿಸಲೇಬೇಕಾದ ವೈರ್‌ಗಳನ್ನು ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿಸಿ.

ಹೊಸ ಯುನಿಟ್‌ನ ವೈರ್ ಬಣ್ಣಗಳು ಬಹುತೇಕ ಒಂದೇ ಕ್ರಮದಲ್ಲಿರುತ್ತವೆ. ಹಳದಿ ಅಂದರೆ ಬ್ಯಾಟರಿಯಿಂದ ಸದಾ 12 ವೋಲ್ಟ್, ಕೆಂಪು ಅಂದರೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಆ ಸ್ಪೀಕರಿನ ಮೈನಸ್. ಗಾಡಿಯ ಕಡೆ, ಟೊಯೋಟಾದಲ್ಲಿ ಸಾಮಾನ್ಯವಾಗಿ ಹಳದಿ ಗೆರೆಯ ನೀಲಿ ಸದಾ ಕರೆಂಟ್, ಬೂದು ಕೀ ಕರೆಂಟ್, ಕಂದು ಅರ್ಥ್. ಆದರೆ ಇಷ್ಟು ಹಳೆಯ ಗಾಡಿಗೆ ಮೊದಲು ಯಾರು ಏನು ಮಾಡಿದ್ದಾರೋ ಗೊತ್ತಿಲ್ಲವಲ್ಲ, ಹಾಗಾಗಿ ಬಣ್ಣ ನಂಬದೆ ಮಲ್ಟಿಮೀಟರ್ ಹಿಡಿದೇ ಜೋಡಿಸಬೇಕು. ಹಳದಿ-ಕೆಂಪು ಅದಲುಬದಲಾದರೆ ಪ್ರತಿ ಸಲ ಕೀ ತೆಗೆದಾಗ ಎಫ್‌ಎಂ ಸ್ಟೇಷನ್, ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಕೆಲವರು ತಲೆನೋವು ಬೇಡ ಎಂದು ಎರಡನ್ನೂ ಸೇರಿಸಿ ಬ್ಯಾಟರಿ ವೈರ್‌ಗೇ ಕಟ್ಟಿಬಿಡುತ್ತಾರೆ. ಆಗ ಯುನಿಟ್ ನಿದ್ದೆಗೇ ಹೋಗುವುದಿಲ್ಲ, ಬ್ಯಾಟರಿ ಇಳಿಯುತ್ತದೆ.

ಸ್ಪೀಕರ್ ಮೈನಸ್ ವೈರ್‌ಗಳನ್ನು ಗಾಡಿಯ ಲೋಹದ ಮೈಗೆ ಅರ್ಥ್ ಮಾಡಲೇಬಾರದು. ತೀರಾ ಹಳೆಯ ಗಾಡಿಗಳಲ್ಲಿ ಆ ಪದ್ಧತಿ ಇತ್ತು. ಈಗಿನ ಯುನಿಟ್‌ಗಳ ಒಳಗಿನ ಆಂಪ್ಲಿಫೈಯರ್ ಪ್ಲಸ್-ಮೈನಸ್ ಎರಡನ್ನೂ ಓಡಿಸುತ್ತದೆ, ಮೈನಸ್ ಲೋಹಕ್ಕೆ ತಾಗಿದರೆ ಒಂದೋ ಯುನಿಟ್ ಬಂದ್ ಆಗುತ್ತದೆ, ಇಲ್ಲವೇ ಆಂಪ್ಲಿಫೈಯರ್ ಚಿಪ್ (ಐಸಿ) ಸುಡುತ್ತದೆ.

ಸ್ಕ್ರೀನ್ ಆರಿಸುವ ವಿಷಯ. ಕಾರ್ ಸ್ಟೀರಿಯೊಗಳ ಸಾಮಾನ್ಯ ಅಳತೆಯಾದ ಡಬಲ್ ಡಿನ್ ಅಂದರೆ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಟೊಯೋಟಾದ ಅಳತೆಯ ಕಿಂಡಿ 200 ಮಿ.ಮೀ. ಅಗಲ. ಅದಕ್ಕೇ ಸಾಧಾರಣ 7 ಇಂಚಿನ ಯುನಿಟ್ ಕೂರಿಸಿದರೆ ಎರಡು ಪಕ್ಕದಲ್ಲೂ ತಲಾ ಒಂದು ಸೆಂ.ಮೀ. ಸಂದು ಉಳಿಯುತ್ತದೆ, ಪಕ್ಕದ ಪಟ್ಟಿ ಹಾಕಿಸಬೇಕು. 9 ಇಂಚಿಗೆ ಗಾಡಿಯ ಮಾಡೆಲ್‌ಗೆ ತಕ್ಕ ಫ್ರೇಮ್ ಬೇರೆಯೇ ಬರುತ್ತದೆ. ದುಡ್ಡು ಕೊಡುವ ಮೊದಲು ನಿಮ್ಮ ಪ್ಯಾನೆಲ್ ಪಕ್ಕ ಅದನ್ನಿಟ್ಟು ನೋಡಿ. ಹೊಳೆಯುವ ಕಪ್ಪು ಫ್ರೇಮ್ ಫೋಟೋದಲ್ಲಿ ಚೆಂದ, ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿಗೆ ಹೊಡೆಯುತ್ತದೆ, ಮ್ಯಾಟ್ ಇದ್ದರೆ ಅದನ್ನೇ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಅಗ್ಗದ 9 ಇಂಚಿನ ಆಂಡ್ರಾಯ್ಡ್‌ಗಿಂತ ಹೆಸರಿರುವ ಕಂಪನಿಯ 7 ಇಂಚಿನ ಯುನಿಟ್ ಮೇಲು. ಮ್ಯಾಪ್, ಹಾಡು ಎಲ್ಲ ನಿಮ್ಮ ಫೋನಿನಲ್ಲೇ ಇದೆ, ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಮೂಲಕ ಅದನ್ನು ತೋರಿಸಿದರೆ ಸಾಕು. ಅಗ್ಗದವುಗಳಲ್ಲಿ ಸೆಟ್ಟಿಂಗ್ ಪುಟದಲ್ಲಿ ಕಾಣುವ ಆಂಡ್ರಾಯ್ಡ್ ಆವೃತ್ತಿ, ರ‍್ಯಾಮ್ ಎಷ್ಟೋ ಸಲ ಸುಳ್ಳಾಗಿರುತ್ತವೆ. ಡಬ್ಬದ ಮೇಲಿನ "4×50 ವ್ಯಾಟ್" ಸಹ ಕ್ಷಣಮಾತ್ರದ ಗರಿಷ್ಠ ಲೆಕ್ಕ, ನಿರಂತರವಾಗಿ ಸಿಗುವುದು ಚಾನೆಲ್‌ಗೆ ಹೆಚ್ಚುಕಮ್ಮಿ 15ರಿಂದ 20 ವ್ಯಾಟ್.

ಬಿಚ್ಚುವ ಕೆಲಸ ಕಷ್ಟವೇನಲ್ಲ, ಆದರೆ ಅವಸರ ಕೂಡದು. ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಏರ್‌ಬ್ಯಾಗ್ ಇರುವ ಮಾಡೆಲ್ ಆದರೆ ಕನಿಷ್ಠ 90 ಸೆಕೆಂಡ್ ಕಾಯಬೇಕು. ಹಳದಿ ಕವಚದ ವೈರ್, ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮಲ್ಟಿಮೀಟರ್ ಕೂಡ ತಾಗಿಸಬಾರದು. ಪ್ಯಾನೆಲ್ ಲಾಕ್‌ಗಳ ಮೇಲೆ ನಿಂತಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿದರೆ ಅಂಚಿನಲ್ಲಿ ಕಚ್ಚು ಬೀಳುತ್ತದೆ, ಪ್ಲಾಸ್ಟಿಕ್ ಟ್ರಿಮ್ ಟೂಲ್‌ನಿಂದ ಮೂಲೆಯಿಂದ ಮೂಲೆಗೆ ಎಬ್ಬಿಸಿ. ಚಳಿಗಾಲದ ಬೆಳಿಗ್ಗೆ ಹಳೆ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ, ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿದ ಮೇಲೆ ಕೈ ಹಾಕಿ. ಪ್ಯಾನೆಲ್ ಸಡಿಲಾದ ತಕ್ಷಣ ಎಳೆಯಬೇಡಿ, ಹಿಂದೆ ಸ್ವಿಚ್‌ಗಳ ಕಪ್ಲರ್ ಇದ್ದರೆ ಮೊದಲು ಅವನ್ನು ಬಿಡಿಸಿ. ಸ್ಟೀರಿಯೊ ಬ್ರಾಕೆಟ್ ಬೋಲ್ಟ್‌ಗಳಿಗೆ 10 ನಂಬರ್ ಬಾಕ್ಸ್ ಸ್ಪ್ಯಾನರ್ ಸಾಕು. ಹಳೆ ಬ್ರಾಕೆಟ್ಟನ್ನೇ ಹೊಸ ಯುನಿಟ್‌ಗೆ ಹಾಕುವಾಗ ಯುನಿಟ್ ಜೊತೆ ಬಂದ ಗಿಡ್ಡ ಸ್ಕ್ರೂಗಳನ್ನೇ ಬಳಸಿ. ಉದ್ದದ್ದು ಒಳಗಿನ ಬೋರ್ಡಿಗೆ ಚುಚ್ಚುತ್ತದೆ.

ಜಿಪಿಎಸ್ ಆಂಟೆನಾ ಡ್ಯಾಶ್‌ನ ಪ್ಲಾಸ್ಟಿಕ್ ಕೆಳಗೆ, ಮುಖ ಮೇಲಾಗಿ ಇರಲಿ. ಮೇಲೆ ಕಬ್ಬಿಣದ ಪಟ್ಟಿ ಬಂದರೆ ಸಿಗ್ನಲ್ ಸಿಗದು. ಫೋನ್ ಮಾತಿಗೆ ಯುನಿಟ್ ಒಳಗಿನ ಮೈಕ್ ನೆಚ್ಚಬೇಡಿ, ಹೊರಗಿನ ಮೈಕನ್ನು ಮುಂದಿನ ಗಾಜಿನ ಪಕ್ಕ ಡ್ರೈವರ್ ಬದಿಯ ಕಂಬದ ಮೇಲೆ ಕೂರಿಸಿ. ಕ್ಯಾಮೆರಾದ ಕರೆಂಟನ್ನು ರಿವರ್ಸ್ ಲೈಟಿನ ಪ್ಲಸ್‌ನಿಂದ ತೆಗೆದು, ಅದೇ ಪ್ಲಸ್ಸನ್ನು ಯುನಿಟ್‌ನ ರಿವರ್ಸ್ ವೈರ್‌ಗೂ ಕೊಡಬೇಕು. ಇನ್ನೋವಾ ನಾಲ್ಕೂವರೆ ಮೀಟರಿಗೂ ಉದ್ದದ ಗಾಡಿ. ಡಿಕ್ಕಿ ಬಾಗಿಲು ಹತ್ತಿ ಸುತ್ತಿ ಬರುವಾಗ 6 ಮೀಟರ್ ಕೇಬಲ್ ಸಾಲದೇ ಹೋಗಬಹುದು, ಮೊದಲೇ ದಾರದಿಂದ ಅಳೆಯಿರಿ. ಬಾಗಿಲ ಹತ್ತಿರ ಕೇಬಲ್ ಕಂಪನಿಯ ರಬ್ಬರ್ ಕೊಳವೆಯೊಳಗೇ ಹೋಗಲಿ, ಹೊರಗೆ ಬಿಟ್ಟರೆ ತೆಗೆದು ಮುಚ್ಚುವಾಗ ಜಜ್ಜಿ ತುಂಡಾಗುತ್ತದೆ. ಓಡಿಸುವಾಗಲೂ ವಿಡಿಯೊ ಬರಲೆಂದು ಹ್ಯಾಂಡ್ ಬ್ರೇಕ್ ವೈರನ್ನು ಅರ್ಥ್‌ಗೆ ಕಟ್ಟುವ ಚಾಳಿ ಇದೆ, ಅದು ಬೇಡ ಎಂದು ಫಿಟ್ ಮಾಡುವವರಿಗೆ ಮುಂಚೆಯೇ ಹೇಳಿ.

ಈಗ ಕನ್ಸೋಲ್. ಮೊಬೈಲ್ ಚಾರ್ಜರ್ ತಾನೇ ಎಂದು ಸಿಕ್ಕ ವೈರ್‌ನಿಂದ ಕರೆಂಟ್ ಎಳೆಯುವುದೇ ಇಲ್ಲಿನ ದೊಡ್ಡ ತಪ್ಪು. 45 ವ್ಯಾಟ್‌ನ ಚಾರ್ಜರ್ ನಷ್ಟ ಸೇರಿ 12 ವೋಲ್ಟಿನಲ್ಲಿ 4 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಸ್ಟೀರಿಯೊದ ಕೆಂಪು ವೈರ್‌ಗೆ ಅದನ್ನು ಸೇರಿಸಬಾರದು. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನ ಜಾಗದಲ್ಲಿ ಜೋಡಿ ಫ್ಯೂಸ್ ಹೋಲ್ಡರ್ (ಹಳೆ ಫ್ಯೂಸ್ ಜೊತೆ ಹೊಸದೊಂದಕ್ಕೂ ಜಾಗ ಇರುವಂಥದ್ದು) ಕೂರಿಸಿ, 7.5 ಆಂಪಿಯರ್ ಫ್ಯೂಸ್ ಹಾಕಿ, 1 ಚದರ ಮಿ.ಮೀ. ವೈರನ್ನು ಪ್ರತ್ಯೇಕವಾಗಿ ಎಳೆಯಿರಿ. ಕಳಪೆ ಚಾರ್ಜರ್‌ನಿಂದ ಎಫ್‌ಎಂನಲ್ಲಿ ಗೊರಗೊರ ಸದ್ದು ಬರುತ್ತದೆ, ಜನ ಆಂಟೆನಾ ಬದಲಿಸಿ ದುಡ್ಡು ಕಳೆಯುತ್ತಾರೆ. ಅಂಥ ಸದ್ದು ಬಂದರೆ ಮೊದಲು ಚಾರ್ಜರ್ ಬಿಡಿಸಿ ನೋಡಿ.

ಆರ್ಮ್‌ರೆಸ್ಟ್ ತರುವ ಮುನ್ನ ಹ್ಯಾಂಡ್ ಬ್ರೇಕ್ ಪೂರ್ತಿ ಎತ್ತಿದಾಗ ಎಲ್ಲಿಗೆ ಬರುತ್ತದೆ, ಗೇರ್ ಹಿಂದಕ್ಕೆ ಎಳೆದಾಗ ಮೊಣಕೈ ಎಲ್ಲಿ ತಾಗುತ್ತದೆ ಎಂದು ಅಳೆಯಿರಿ. ಸ್ಕ್ರೂ ಹೊಡೆದು ಕೂರಿಸುವಂಥದ್ದಾದರೆ ಕನ್ಸೋಲ್ ಬಿಚ್ಚಿಯೇ ತೂತು ಕೊರೆಯಬೇಕು. ಏರ್‌ಬ್ಯಾಗ್ ಕಂಟ್ರೋಲ್ ಯುನಿಟ್ ಸಾಮಾನ್ಯವಾಗಿ ಕನ್ಸೋಲ್ ಕೆಳಗೇ ನೆಲಕ್ಕೆ ಕೂತಿರುತ್ತದೆ, ಮೇಲಿಂದ ಡ್ರಿಲ್ ಇಳಿಸಿದರೆ ಅಪಾಯ. ಬಿಚ್ಚಿದಾಗಲೇ ಕಿರಿಕಿರಿ ಶಬ್ದ ಮಾಡುವ ಅಂಚುಗಳಿಗೆ ಬಟ್ಟೆಯ ಟೇಪ್ ಅಂಟಿಸಿ. ಮುರಿದ ಸ್ಕ್ರೂ ಬುಡಕ್ಕೆ ಫೆವಿಕ್ವಿಕ್ ನಿಲ್ಲುವುದಿಲ್ಲ. ಸೋಲ್ಡರಿಂಗ್ ಕಡ್ಡಿಯಿಂದ ಸಣ್ಣ ತಂತಿ ಕರಗಿಸಿ ಹುದುಗಿಸಿ, ಮೇಲೆ ಎಪಾಕ್ಸಿ ಹಾಕಿದರೆ ಗಟ್ಟಿ.

ಸ್ಪೀಕರ್ ನೀವು ಕೇಳಿಲ್ಲ, ಆದರೆ ಸ್ಕ್ರೀನಿನಲ್ಲಿ ಉಳಿಸಿದ ಹಣ ಹೋಗಬೇಕಾದ್ದು ಅಲ್ಲಿಗೇ. 15-20 ವ್ಯಾಟ್‌ನಲ್ಲಿ ಚೆನ್ನಾಗಿ ಕೇಳಬೇಕಾದರೆ 4 ಓಮ್, 90 ಡೆಸಿಬಲ್ ಅಥವಾ ಹೆಚ್ಚಿನ ಸೆನ್ಸಿಟಿವಿಟಿ (ಕಡಿಮೆ ಕರೆಂಟಿಗೂ ಜೋರಾಗಿ ಕೇಳಿಸುವ ಗುಣ) ಇರುವ ಸ್ಪೀಕರ್ ಮುಂದಿನ ಬಾಗಿಲಿಗೆ ಹಾಕಿ, ಹಿಂದಿನವು ಹಳೆಯವೇ ಇರಲಿ. ಸ್ಪೀಕರ್ ಕೂರಿಸುವ ಅಡಾಪ್ಟರ್ ರಿಂಗ್ ಪ್ಲಾಸ್ಟಿಕ್ಕಿನದೇ ಬೇಕು, ಮರದ ಪುಡಿ ಒತ್ತಿ ಮಾಡಿದ ಎಂ.ಡಿ.ಎಫ್. ಮಲೆನಾಡು-ಕರಾವಳಿಯ ಒಂದು ಮಳೆಗಾಲಕ್ಕೆ ಉಬ್ಬಿ ಉದುರುತ್ತದೆ. ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಮತ್ತೆ ಅಂಟಿಸಿ, ಇಲ್ಲದಿದ್ದರೆ ಮಳೆನೀರು ಕಾರ್ಪೆಟ್‌ಗೆ ಇಳಿಯುತ್ತದೆ. ಪ್ಲಸ್-ಮೈನಸ್ ಅನುಮಾನವಿದ್ದರೆ ಕಪ್ಲರ್ ಬಿಡಿಸಿ 1.5 ವೋಲ್ಟಿನ ಸೆಲ್ ಕ್ಷಣ ತಾಗಿಸಿ. ಪ್ಲಸ್‌ಗೆ ಪ್ಲಸ್ ಸೇರಿದ್ದರೆ ಕೋನ್ ಹೊರಕ್ಕೆ ಬರುತ್ತದೆ. ಒಂದು ಬದಿ ತಿರುಗುಮುರುಗಾದರೂ ಬೇಸ್ (ತಗ್ಗು ಸ್ವರ) ಮಾಯ.

ಪ್ಯಾನೆಲ್ ಒತ್ತಿ ಕೂರಿಸುವ ಮೊದಲು ನಾಲ್ಕೂ ಸ್ಪೀಕರ್, ಎಫ್‌ಎಂ, ಕ್ಯಾಮೆರಾ, ಹಝಾರ್ಡ್, ಎ.ಸಿ. ಎಲ್ಲ ಪರೀಕ್ಷಿಸಿ. ಕೊನೆಗೆ ಕೀ ತೆಗೆದು, ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು ಬ್ಯಾಟರಿ ಮೈನಸ್‌ಗೆ ಮಲ್ಟಿಮೀಟರನ್ನು 10 ಆಂಪಿಯರ್ ತೂತಿನಿಂದ ಸರಣಿಯಲ್ಲಿ, ಅಂದರೆ ಬಿಚ್ಚಿದ ಮೈನಸ್ ವೈರ್ ಮತ್ತು ಬ್ಯಾಟರಿಯ ಮೈನಸ್ ತುದಿಯ ನಡುವೆ ಸೇರಿಸಿ ನೋಡಿ. ಮೀಟರ್ ಸೇರಿದ್ದಾಗ ಇಗ್ನಿಷನ್ ಹಾಕಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. 300 ತೋರಿಸಿದರೆ ದಿನಕ್ಕೆ 7.2 ಆಂಪಿಯರ್-ಅವರ್ ಸೋರುತ್ತಿದೆ ಎಂದರ್ಥ. ನಾಲ್ಕೈದು ದಿನ ನಿಲ್ಲಿಸಿದರೆ ಡೀಸೆಲ್ ಗಾಡಿ ಸ್ಟಾರ್ಟ್ ಆಗುವುದು ಅನುಮಾನ, ಅಂಗಡಿ ಬಿಡುವ ಮುನ್ನವೇ ಸರಿಮಾಡಿಸಿ.