ತಿರುವಿನಲ್ಲಿ ನಿಲ್ಲುವ ಪರದೆಗೆ ದೊಡ್ಡ ಮೋಟಾರ್ ಬೇಕಾ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಜಗಲಿಯ ಮೂರು ಮಗ್ಗುಲಿಗೂ ಕಿಟಕಿ. ಪ್ಲೈವುಡ್‌ನಲ್ಲಿ ಪರದೆಯ ಟ್ರ್ಯಾಕ್ ಕೊರೆದು, ನೀಮಾ 17 ಅಳತೆಯ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು), ಜಿಟಿ2 ಎಂಬ ಹಲ್ಲಿನ ಬೆಲ್ಟ್ ಹಾಕಿದ್ದೇನೆ. ಎರಡು ಮೂಲೆಯಲ್ಲೂ 30 ಸೆಂ.ಮೀ. ತ್ರಿಜ್ಯದ ತಿರುವು. ನೇರ ದಾರಿಯಲ್ಲಿ ಪರದೆ ಸಲೀಸಾಗಿ ಓಡುತ್ತದೆ. ತಿರುವಿಗೆ ಬಂದರೆ ಮೋಟಾರ್ ಕಟಕಟ ಅಂದು ನಿಲ್ಲುತ್ತದೆ. ದೊಡ್ಡ ಮೋಟಾರ್ ತರಲಾ?

ಉತ್ತರ: ಈಗಲೇ ಬೇಡ. ಮೊದಲು ಬೆಲ್ಟ್ ಬಿಚ್ಚಿಡಿ. ಮುಂದಿನ ರನ್ನರಿಗೆ (ಪರದೆಯನ್ನು ಹೊತ್ತು ಟ್ರ್ಯಾಕಿನಲ್ಲಿ ಓಡುವ ಚಕ್ರದ ತುಂಡು) ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪರದೆಯನ್ನು ನಿಧಾನಕ್ಕೆ ಎಳೆಯಿರಿ. ತಿರುವಿನಲ್ಲಿ ಮುಳ್ಳು ಜಿಗಿದರೆ ತಪ್ಪು ರನ್ನರಿನದು. ಜಿಗಿಯದಿದ್ದರೆ ಬೆಲ್ಟಿನದು.

ರನ್ನರಿನ ಎರಡು ಚಕ್ರಗಳ ನಡುವೆ 60 ಮಿ.ಮೀ. ಇದ್ದರೆ, ನಿಮ್ಮ ತಿರುವಿನಲ್ಲಿ ಅದರ ನಡುಭಾಗ 1.5 ಮಿ.ಮೀ. ಒಳಗೆ ಸರಿಯುತ್ತದೆ. ಟ್ರ್ಯಾಕಿನ ಕಾಲುವೆಯಲ್ಲಿ ಅಷ್ಟು ಸಡಿಲ ಇಲ್ಲದಿದ್ದರೆ ಸಿಕ್ಕಿಕೊಳ್ಳಲೇಬೇಕು ಅಲ್ವಾ? ಗಿಡ್ಡ ರನ್ನರ್ ಹಾಕಿ.

ಬೆಲ್ಟಿನ ವಿಷಯ ಇನ್ನೂ ಸೂಕ್ಷ್ಮ. ತಿರುವಿನಲ್ಲಿ ಬೆಲ್ಟ್ ಒಳಗೋಡೆಯನ್ನು ಒತ್ತಿ ಉಜ್ಜುತ್ತದೆ. ಘರ್ಷಣೆಯ ಗುಣಾಂಕ 0.3 ಅಂದುಕೊಂಡರೂ 90 ಡಿಗ್ರಿಯ ಒಂದು ತಿರುವಿಗೆ ಎಳೆತ 1.6 ಪಟ್ಟಾಗುತ್ತದೆ. ಎರಡು ತಿರುವಿಗೆ ಎರಡೂವರೆ ಪಟ್ಟು! ಕೂಡುವುದಲ್ಲ, ಗುಣಿಸುವುದು. ಒಮ್ಮೆ ಬಗ್ಗಿ ನೋಡಿ: ಬೆಲ್ಟ್ ಹೋಗುವ, ಬರುವ ಎರಡು ಎಳೆಯಲ್ಲಿ ಒಳ ಎಳೆಯ ನುಣ್ಣನೆ ಬೆನ್ನು ಗೋಡೆಗೆ ತಾಗುತ್ತದೆ, ಹೊರ ಎಳೆಯದು ಮಾತ್ರ ಹಲ್ಲೇ ಉಜ್ಜುತ್ತದೆ. ಪ್ರತಿ ತಿರುವಿಗೆ ಐದಾರು ಪುಟ್ಟ ಬೇರಿಂಗ್‌ಗಳನ್ನು ಗೋಡೆಗಿಂತ ತುಸು ಮುಂದೆ ಬರುವಂತೆ ನಿಲ್ಲಿಸಿ. ಎರಡೂ ಎಳೆಗೆ ಬೇಕು, ಹೊರಗಿನದಕ್ಕೆ ಮೊದಲು. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ, ಮೋಟಾರ್ ಅದೇ ಇರುತ್ತದೆ.

ಪ್ಲೈವುಡ್ ಬಗ್ಗೆ ಒಂದು ಮಾತು. ನಾನು ಮಾರ್ಚ್‌ನಲ್ಲಿ ಕೊರೆದ ಕಾಲುವೆ ಆಷಾಢದ ಜಡಿಮಳೆಗೆ ಉಬ್ಬಿ ರನ್ನರನ್ನೇ ಕಚ್ಚಿಕೊಂಡಿತ್ತು. ಪರದೆಯೂ ಥಂಡಿ ಹೀರಿ ಭಾರವಾಗಿತ್ತು. ಪೂರ್ತಿ ಟ್ರ್ಯಾಕ್ ಹೊಸದಾಗಿ ಮಾಡುವ ಮೊದಲು ಒಂದೇ ಒಂದು ತಿರುವು ಕೊರೆದು, ಮಳೆಗಾಲದಲ್ಲಿ ವಾರ ಕಾಲ ಸೂರಿನಡಿ ಇಟ್ಟು ಮತ್ತೆ ತಕ್ಕಡಿ ಹಿಡಿಯಿರಿ. ಕೊನೆಗೆ ಹಾಕುವ ಟ್ರ್ಯಾಕ್ ಮಾತ್ರ ಅಲ್ಯೂಮಿನಿಯಂನದೇ ಇರಲಿ. ಎಣ್ಣೆ ಹಚ್ಚಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಮೇಣ ಉಜ್ಜಿದರೆ ಸಾಕು.

ನಮ್ಮ ಕಡೆ ಗಾಳಿಮಳೆಗೆ ಕರೆಂಟ್ ಹೋಗುವುದು ಇದ್ದದ್ದೇ. ಸ್ಟೆಪ್ಪರ್ ಆದರೆ ಆಗ ಕೈಯಲ್ಲೂ ಎಳೆಯಬಹುದು. ವರ್ಮ್ ಗೇರ್ (ಸ್ಕ್ರೂ ಥರದ ಗೇರ್) ಇರುವ ಮೋಟಾರ್ ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಜೋರಾಗಿ ಎಳೆಯಬೇಡಿ, ಮೋಟಾರೇ ಡೈನಮೋ ಆಗಿ, ಅದನ್ನು ಓಡಿಸುವ ಡ್ರೈವರ್ ಸರ್ಕ್ಯೂಟ್ ಸುಟ್ಟೀತು. ಕರೆಂಟ್ ಬಂದಾಗ ಪರದೆ ಎಲ್ಲಿದೆ ಅಂತ ಮೋಟಾರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಒಂದು ತುದಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್), ರನ್ನರಿಗೆ ಪುಟ್ಟ ಅಯಸ್ಕಾಂತ ಹಾಕಿ. ರೀಡ್ ಸ್ವಿಚ್ ಗಾಜಿನೊಳಗೆ ಮುಚ್ಚಿರುತ್ತದೆ, ಥಂಡಿ ತಾಗುವುದಿಲ್ಲ.